ಕಾರು ಹೊಡೆಯುವ ಬೀಗರು

ಇಳಕಲ್ಲಿನ ನೇಕಾರ ಚಂದ್ರಶೇಖರಪ್ಪನವರ ನಾಲಿಗೆ ಅವರನ್ನು ಕೇಳಿ ಮಾತಾಡುತ್ತಿರಲಿಲ್ಲ. ಮಗಳು ಚೇತನಾಳ ನಿಶ್ಚಯದ ದಿನ ಗುಳೇದಗುಡ್ಡದ ಬೀಗರು, ಮದುವೆಯಾದ ಮೇಲೆ ಹುಡುಗಿಯನ್ನು ಕರೆದೊಯ್ಯಲು ಜೀಪು ಕಳಿಸುತ್ತೇವೆ ಎಂದರು. ಇವರು ಹೋಳಿಗೆ ನುಂಗಿ, ಜೀಪು ಬೇಡ, ತಾವೇ ಕಾರು ಹೊಡೆದುಕೊಂಡು ಬಂದು ಮಗಳನ್ನು ಬಿಡುವುದಾಗಿ ಘೋಷಿಸಿಬಿಟ್ಟರು. (ಆ ಗಳಿಗೆಯವರೆಗೆ ಅವರು ಹೊಡೆದ ವಾಹನವೆಂದರೆ ಸೈಕಲ್ಲು. ಅದಕ್ಕೂ ಬೆಲ್ ಇರಲಿಲ್ಲ.) ಅದೇ ಹುಮ್ಮಸ್ಸಿನಲ್ಲಿ ಮಗಳ ಮದುವೆ ಸೀರೆಯ ಸೆರಗೂ ತಮ್ಮ ಕೈಯದೇ ಎಂದರು. ಅದರ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಅವರಂಥ ಸೆರಗು ನೇಯುವವರು ಆ ಓಣಿಯಲ್ಲೇ ಇರಲಿಲ್ಲ.

ಕಾರು ಕಲಿಸುವ ಹೊಣೆ ಗೆಳೆಯ ಯಾಕೂಬಸಾಬರ ಹೆಗಲಿಗೆ ಬಿತ್ತು. ಅವರದೊಂದು ಹಳೆಯ ಬಾಡಿಗೆ ಕಾರಿತ್ತು. ಮೊದಲ ದಿನವೇ ತೊಡಕು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಣಿಮಗ್ಗಕ್ಕೆ ಕೂತವನ ಕಾಲು ಸುಮ್ಮನಿರುವುದಿಲ್ಲ; ಎಡಗಾಲು ತುಳಿದಾಗ ಬಲಗಾಲು ಏಳಬೇಕು, ಬಲಗಾಲು ತುಳಿದಾಗ ಎಡಗಾಲು. ತುಳಿದಾಗ ಎಳೆಗಳು ಬಾಯಿ ತೆರೆಯುತ್ತವೆ; ಆಗ ಕೈ ಮೇಲಿನ ಹಗ್ಗ ಜಗ್ಗಿದರೆ ಅವುಗಳ ನಡುವೆ ನೂಲಿನ ಲಾಳಿ ಓಡುತ್ತದೆ. ಸ್ಟಿಯರಿಂಗ್ ಮುಂದೆ ಕೂತೊಡನೆ ಚಂದ್ರಶೇಖರಪ್ಪನವರ ಕಾಲುಗಳು ನೇಯಲು ಶುರುಮಾಡಿದವು. ಕಾರು ಕಪ್ಪೆಯಂತೆ ಕುಪ್ಪಳಿಸಿತು. ಗಾಬರಿಯಲ್ಲಿ ಬಲಗೈ ಮೇಲೆ ಹೋಗಿ ಸಿಕ್ಕಿದ್ದನ್ನು ಜಗ್ಗಿತು. ಒಳಗಿನ ಕನ್ನಡಿ ಕಿತ್ತು ಕೈಗೇ ಬಂತು.

"ಚಂದ್ರಶೇಖರಪ್ಪ, ಇದು ಕಾರ್ ಐತ್ರಿ, ಸೀರಿ ಅಲ್ಲ," ಎಂದು ಯಾಕೂಬಸಾಬರು ಕನ್ನಡಿ ಇಸಿದುಕೊಂಡರು.

ಲೈಸನ್ಸ್ ಪರೀಕ್ಷೆಗೆಂದು ಬಾಗಲಕೋಟೆಗೆ ಹೋದರು, ನಪಾಸಾದರು. ಮತ್ತೆ ಹೋದರು, ಮತ್ತೆ ನಪಾಸು. ಪಕ್ಕದಲ್ಲಿ ಪರೀಕ್ಷೆಯ ಸಾಹೇಬರನ್ನು ಕೂರಿಸಿಕೊಂಡೇ ಅರ್ಧ ಮೊಳ ನೇಯ್ದಿದ್ದರು. ತಿರುಗಿ ಬರುವಾಗ ಅಮೀನಗಡದಲ್ಲಿ ಇಳಿದು ಕರದಂಟು ಕೊಳ್ಳುತ್ತಿದ್ದರು. ಗೆದ್ದವರಷ್ಟೇ ಬಾಯಿ ಸಿಹಿ ಮಾಡಿಕೊಳ್ಳಬೇಕೆಂದು ಎಲ್ಲಿ ಬರೆದಿದೆ ಎಂಬುದು ಅವರ ವಾದ. ಪೊಟ್ಟಣ ಕಂಡರೆ ಹೆಂಡತಿ ಬಾಳವ್ವನಿಗೆ ಫಲಿತಾಂಶ ತಿಳಿದುಬಿಡುತ್ತಿತ್ತು. ಮರ್ಯಾದೆಯಿಂದ ಜೀಪಿಗೆ ಹೇಳಿಕಳಿಸಿ ಎಂದಳು.

"ಕೂಸು ನಡಿಯೂದು ಕಲಿಯಾಕ ಎಷ್ಟ ಸಲ ಬೀಳ್ತೈತಿ? ನಾನೂ ಹಂಗ ಅಂತ ತಿಳಿ," ಎಂದರು ಇವರು.

"ಕೂಸು ಬಿದ್ರ ಎತ್ಕೋಬಹುದು. ನಿಮ್ಮನ್ನ ಯಾರ ಎತ್ತಬೇಕ್ರಿ?"

ಅಂದಿನಿಂದ ಭಗೀರಥ ಪ್ರಯತ್ನ ಆರಂಭವಾಯಿತು. ಕಾಲಿಗೆ ಹತ್ತಿದ ಮಗ್ಗದ ಚಟ ಬಿಡುವವರೆಗೆ ಕುಣಿಗೆ ಇಳಿಯುವುದಿಲ್ಲವೆಂದು ಚಂದ್ರಶೇಖರಪ್ಪ ಶಪಥ ಮಾಡಿದರು. ಅಡುಗೆಮನೆಯ ಮಣೆಗಳು ಕ್ಲಚ್ಚು, ಬ್ರೇಕುಗಳಾದವು. ಲಟ್ಟಣಿಗೆ ಗೇರಾಯಿತು. (ಆ ತಿಂಗಳು ಮನೆಯಲ್ಲಿ ಚಪಾತಿ ಆಗಲಿಲ್ಲ.) ಊಟಕ್ಕೆ ಕೂತರೂ ಎಡಗಾಲನ್ನು ಕ್ಲಚ್ಚು ಬಿಡುವವರಂತೆ ಮೆಲ್ಲಗೆ, ಕೆಳಗೆ ಮೊಟ್ಟೆ ಇದೆಯೋ ಎಂಬಂತೆ ಎತ್ತುತ್ತಿದ್ದರು. ಮಗ್ಗ ಖಾಲಿ ಬೀಳಬಾರದೆಂದು ಮಗಳ ಸೀರೆಯ ಒಡಲನ್ನು ಬಾಳವ್ವನೇ ಕೂತು ನೇಯ್ದಳು. ಸೆರಗಿಗೆ ಮಾತ್ರ ಕೈ ಹಚ್ಚಕೂಡದೆಂದು ಯಜಮಾನರ ಅಪ್ಪಣೆಯಾಗಿತ್ತು.

ಛಲ ಬಿಡದವನಿಗೆ ಸೋಲೇ ಸೋಲುತ್ತದೆ. ಮದುವೆಗೆ ಇನ್ನೊಂದು ವಾರವಿರುವಾಗ ಲೈಸನ್ಸ್ ಕೈಗೆ ಬಂತು. ಕಾರು ಹುನಗುಂದದಿಂದ ಇಳಕಲ್ಲಿನವರೆಗೆ ಒಮ್ಮೆಯೂ ಕುಪ್ಪಳಿಸದೆ ನೀರಿನಂತೆ ಹರಿದು ಬಂತೆಂದು ಯಾಕೂಬಸಾಬರೇ ಓಣಿಗೆಲ್ಲ ಸಾರಿದರು. ಚಂದ್ರಶೇಖರಪ್ಪನವರಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಅದೇ ಖುಷಿಯಲ್ಲಿ ಸೆರಗು ನೇಯಲು ಕುಣಿಗಿಳಿದರು.

ಎಡಗಾಲು ತುಳಿದರು. ಅದು ಮೇಲೇಳಲಿಲ್ಲ. ಎದ್ದಾಗ ಮೊಟ್ಟೆಯ ಮೇಲಿಂದ ಏಳುವಂತೆ ಮೆಲ್ಲಗೆ ಎದ್ದಿತು. ಬಲಗಾಲು ಅಪ್ಪಣೆಗೆ ಕಾಯುತ್ತ ಕೂತಿತು. ಎಳೆಗಳು ಅರ್ಧ ಬಾಯಿ ತೆರೆದಿದ್ದಾಗಲೇ ಲಾಳಿ ನುಗ್ಗಿ, ಹಿಡಿ ರೇಷ್ಮೆ ಪಟಪಟನೆ ಹರಿಯಿತು. ಮತ್ತೆ ಯತ್ನಿಸಿದರು, ಮತ್ತಷ್ಟು ಹರಿಯಿತು. ಮಗಳ ಸೆರಗು ತಮ್ಮ ಕೈಯಲ್ಲೇ ಹೀಗಾಯಿತಲ್ಲ ಎಂದು ಅವರ ಕಣ್ಣು ತುಂಬಿತು.

ಬಾಳವ್ವ ನಗಲಿಲ್ಲ. ಹರಿದ ಎಳೆಗಳನ್ನು ಗಂಟಿಕ್ಕುತ್ತ, ಏಳಿ ಎಂದಳು.

"ನಾ ಸೋಲಂಗಿಲ್ಲ. ಕಾರ್ ಕಲತಾವ ಮಗ್ಗ ಕಲಿಯಂಗಿಲ್ಲೇನು?"

"ಕಲೀರಿ. ಲಗ್ನ ಆದ ಮ್ಯಾಲ ಕಲೀರಿ," ಎಂದವಳೇ ಕುಣಿಗಿಳಿದು ಸೆರಗು ಎತ್ತಿಕೊಂಡಳು. ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವುದು ಆ ಮನೆಯಲ್ಲಿ ಹೆಂಗಸರ ಕೆಲಸ. ಈಗ ಅದಕ್ಕೊಂದು ಆಳು ಬೇಕಾಯಿತು.

ಮರುದಿನ ಗುಳೇದಗುಡ್ಡದಿಂದ ಬೀಗರು ಲೈಸನ್ಸಿನ ಸುದ್ದಿ ಕೇಳಿ ಹಾರ ಹಿಡಿದು ಬಂದರು. ಕಾರು ಹೊಡೆಯುವ ಬೀಗರು ಎಲ್ಲಿ ಎಂದು ವಿಚಾರಿಸಿದರು. ಬಾಳವ್ವ ಲಾಳಿ ನಿಲ್ಲಿಸದೆ ಮೂಲೆಯ ಕಡೆ ಗೋಣು ತಿರುಗಿಸಿದಳು.

"ಅಲ್ಲಿ ಕಂಡಿಕಿ ಸುತ್ತಾಕತ್ತಾರ ನೋಡ್ರಿ. ಈಗ ಮಾತಾಡಸಬ್ಯಾಡ್ರಿ, ದಾರ ಹರೀತಾರ."