ಕೊಟ್ಟುಹೋಗಲಾಗದ ಆಟ

ಗಲ್ಫಿನಲ್ಲಿ ನಮ್ಮಂಥವರ ಮನೆಯ ಸಾಮಾನುಗಳಿಗೆ ಮನೆ ಯಜಮಾನನಿಗಿಂತ ಹೆಚ್ಚು ಸರ್ವಿಸ್ ಆಗಿರುತ್ತದೆ. ನಾನು ಮಲಗುವ ಮಂಚ ಮೊದಲು ಕುಂದಾಪುರದವರೊಬ್ಬರದ್ದಾಗಿತ್ತು. ಅವರಿಗೆ ಅದನ್ನು ಕೊಟ್ಟುಹೋದದ್ದು ಕಾಸರಗೋಡಿನ ಒಂದು ಸಂಸಾರ. ಅದಕ್ಕೂ ಹಿಂದಿನ ಚರಿತ್ರೆ ಮಂಚಕ್ಕೇ ಗೊತ್ತು. ಇಲ್ಲಿ ಯಾರೂ ಕಾಯಂ ಅಲ್ಲ. ವೀಸಾ ಖಲಾಸ್ ಆದರೆ ಊರಿಗೆ ಹೊರಡಬೇಕು, ಹೊರಡುವವರು ಉಳಿಯುವವರಿಗೆ ಸಾಮಾನು ಹಂಚಬೇಕು. ಸುದ್ದಿ ಕಿವಿಗೆ ಬಿದ್ದ ಕೂಡಲೆ ಹೋಗಿ, ಬೇಕಾದ ವಸ್ತುವಿಗೆ ನಮ್ಮ ಫ್ಲ್ಯಾಟಿನ ನಂಬರು ಬರೆದ ಚೀಟಿ ಅಂಟಿಸಿ ಬರುವುದು ನಮ್ಮ ಕಟ್ಟಡದ ಸಂಪ್ರದಾಯ. ಆಮೇಲೆ ಹೊರಡುವ ತನಕ ಪಾಪ, ಆ ಮನೆಯವರು ಬೇರೆಯವರ ಸೋಫಾದಲ್ಲಿ ಕೂತು ಬೇರೆಯವರ ಟೀವಿ ನೋಡುತ್ತಾರೆ. ಇದರಲ್ಲಿ ಯಾರಿಗೂ ಸಂಕೋಚವಿಲ್ಲ. ನನಗಂತೂ ಮೊದಲಿನಿಂದಲೂ ಇಲ್ಲ.

ಹೀಗೆ ಚೀಟಿ ಹಿಡಿದು ಹೋಗಿ ನಾನು ಪೆಚ್ಚಾದದ್ದು ಒಮ್ಮೆ ಮಾತ್ರ, ಅದೂ ಎದುರು ಫ್ಲ್ಯಾಟಿನ ಲ್ಯಾನ್ಸಿಯ ಮನೆಯಲ್ಲಿ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಆ ಕಟ್ಟಡದಲ್ಲಿ ನಾವಿಬ್ಬರೂ ಬಾಗಿಲಿಗೆ ಬಾಗಿಲು ಕೊಟ್ಟುಕೊಂಡು ಇದ್ದವರು. ಅವನು ಹೋಟೆಲಿನಲ್ಲಿ, ನಾನು ಆಸ್ಪತ್ರೆಯ ಆಫೀಸಿನಲ್ಲಿ. ಅವನ ಮಗಳು ರಿಯಾ, ನನ್ನ ಮಗಳು ಧೃತಿ, ಒಂದೇ ಕ್ಲಾಸು. ಇಬ್ಬರಿಗೂ ವಿಡಿಯೋ ಗೇಮಿನ ಹುಚ್ಚು, ಎರಡೂ ಮನೆಯಲ್ಲಿ ಟೀವಿಗೆ ಜೋಡಿಸಿದ ಗೇಮ್ ಮೆಷಿನ್. ರಜೆಯ ದಿನವಾದ ಶುಕ್ರವಾರ ಲ್ಯಾನ್ಸಿ ಚರ್ಚಿನಿಂದ ಬಂದು, ಊಟ ಮಾಡಿ, ಒಂದು ನಿದ್ದೆ ತೆಗೆದ ಮೇಲೆ ನಾವು ನಾಲ್ವರೂ ರಸ್ತೆಗಿಳಿಯುತ್ತಿದ್ದೆವು. ಮೂಲೆಯ ಅಂಗಡಿಯಲ್ಲಿ ಹಳೆಯ ಡಿಸ್ಕ್ ಕೊಟ್ಟು ಬೇರೊಂದು ತರುವುದು, ಅದು ಒಂದು ವಾರ ಅವರಲ್ಲಿ, ಒಂದು ವಾರ ನಮ್ಮಲ್ಲಿ. ಗೀರು ಬಿದ್ದರೆ ಲ್ಯಾನ್ಸಿ ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತಿದ್ದ, ನಾನು ನನ್ನ ಬನಿಯನ್ನಿನಿಂದ ಒರೆಸುತ್ತಿದ್ದೆ. ಆಟದ ತಲೆಬುಡ ಗೊತ್ತಿಲ್ಲದಿದ್ದರೂ ಆಟಕ್ಕೆ ನಮ್ಮ ಸೇವೆ ಸಣ್ಣದಲ್ಲ.

ಬರಬರುತ್ತಾ ಆ ಅಂಗಡಿಯ ಕಪಾಟಿನಲ್ಲಿ ಡಿಸ್ಕುಗಳು ಕಡಿಮೆಯಾಗಿ ಮೊಬೈಲ್ ಕವರುಗಳು ನೇತಾಡತೊಡಗಿದವು. ಒಮ್ಮೆ ನಾನು ಹೊಸ ಗೇಮಿನ ಡಬ್ಬ ತಂದು ತೆರೆದರೆ ಒಳಗೆ ಡಿಸ್ಕೇ ಇಲ್ಲ, ಒಂದು ನಂಬರು ಬರೆದ ಕಾಗದ ಮಾತ್ರ! ಮದುವೆಮನೆಯಲ್ಲಿ ಬರೀ ಬಾಳೆಲೆ ಹಾಸಿ ಕೈತೊಳೆಯಲು ಕಳಿಸಿದ ಹಾಗಾಯಿತು. ನಂಬರು ಒತ್ತಿದರೆ ಆಟ ತಾನಾಗಿ ಇಳಿದು ಬರುತ್ತದಂತೆ. ಕಡೆಕಡೆಗೆ ಡಬ್ಬವೂ ಬೇಡವಾಯಿತು. ಮಕ್ಕಳ ಅಚ್ಚುಮೆಚ್ಚಿನ ಊರು ಕಟ್ಟುವ ಆಟವನ್ನು ಲ್ಯಾನ್ಸಿ ಕೂತಲ್ಲಿಂದಲೇ ರಿಯಾಳ ಹೆಸರಿನಲ್ಲಿ ಖರೀದಿ ಮಾಡಿದ. ನನಗೆ ಕುತೂಹಲ ತಡೆಯಲಿಲ್ಲ. ಮೆಷಿನಿನ ಹಿಂದೆ ಬಗ್ಗಿ ನೋಡಿದೆ, ಮುಟ್ಟಿ ನೋಡಿದೆ. ಬಿಸಿಯಾಗಿತ್ತು, ಅಷ್ಟೇ. “ಆಟ ಎಲ್ಲುಂಟು?” ಎಂದು ಕೇಳಿದರೆ ಧೃತಿ, “ಪಪ್ಪಾ, ಇಟ್ಸ್ ಜಸ್ಟ್ ದೇರ್” ಎಂದಳು. ದೇವರ ಬಗ್ಗೆ ನನ್ನ ಅಜ್ಜಿ ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ.

ಹೀಗಿರುವಾಗ ಲ್ಯಾನ್ಸಿ ಊರಿಗೆ ಹೊರಟ, ಇನ್ನು ಬರುವುದಿಲ್ಲವೆಂದು. ನನ್ನ ಹೆಂಡತಿ ಫ್ರಿಜ್ಜಿಗೆ ಚೀಟಿ ಅಂಟಿಸಿ ಬರಲು ನನ್ನನ್ನು ಅಟ್ಟಿದಳು. ಧೃತಿ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡು, “ಪಪ್ಪಾ, ಫ್ರಿಜ್ ಬೇಡ. ಐ ವಾಂಟ್ ಅವರ್ ಟೌನ್” ಎಂದಳು. ಆ ಆಟದೊಳಗೆ ಇಬ್ಬರೂ ಸೇರಿ ಒಂದು ಊರನ್ನೇ ಕಟ್ಟಿದ್ದರು. ಒಂದು ಇಗರ್ಜಿ, ಪಕ್ಕದಲ್ಲಿ ದೇವಸ್ಥಾನ, ನಡುವೆ ಶವರ್ಮಾ ಅಂಗಡಿ. ರಿಯಾ ಹೋದರೆ ಊರೂ ಹೋಗುತ್ತದೆ. ನಾನು ನಗಲು ಹೊರಟವನು ಅವಳ ಕಣ್ಣು ನೋಡಿ ಸುಮ್ಮನಾದೆ. “ಅದಕ್ಕೇನಂತೆ, ಈಗ ತರ್ತೇನೆ” ಎಂದು ಗತ್ತಿನಿಂದ ಹೋಗಿ ಮೆಷಿನಿಗೆ ಚೀಟಿ ಅಂಟಿಸಿದೆ.

ರಿಯಾ ಓಡಿಬಂದಳು. “ಅಂಕಲ್, ದಿಸ್ ಈಸ್ ಕಮಿಂಗ್ ವಿತ್ ಮಿ!”

“ಮೆಷಿನ್ ನೀನೇ ಇಟ್ಕೊ ಮಗಾ, ಆಟ ಮಾತ್ರ ಕೊಡು.”

ಲ್ಯಾನ್ಸಿ ತಲೆ ಕೆರೆದುಕೊಂಡ. “ಹಾಗೆ ಕೊಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಅದು ಅವಳ ಹೆಸರಲ್ಲಿ ಉಂಟಲ್ಲ.”

“ಹೆಸರು ಟ್ರಾನ್ಸ್‌ಫರ್ ಮಾಡುವ. ಕಾರು ಮಾಡ್ಲಿಕ್ಕೆ ಆಗ್ತದೆ, ಆಟ ಯಾಕೆ ಆಗುದಿಲ್ಲ?”

ಲ್ಯಾನ್ಸಿಗೂ ಇದು ನ್ಯಾಯವೆಂದೇ ಕಂಡಿತು. ಇಬ್ಬರೂ ಒಂದು ಪೆನ್‌ಡ್ರೈವ್ ಹಿಡಿದು ಮೂಲೆಯ ಅಂಗಡಿಗೆ ಹೋದೆವು. ಅಂಗಡಿಯವನು ನಮ್ಮ ಬೇಡಿಕೆ ಪೂರ್ತಿ ಕೇಳಿ, ಎರಡೂ ಕೈ ಆಡಿಸಿ, “ಡಿಸ್ಕ್ ಹೈ ತೋ ಲಾವೋ. ನಹೀಂ ತೋ ಮಾಫಿ” ಎಂದ. ಮಾಫಿ ಎಂದರೆ ಇಲ್ಲಿನ ಅರಬ್ಬಿಯಲ್ಲಿ ಇಲ್ಲ, ಕ್ಷಮೆಯಲ್ಲ. ಮಂಚ, ಮಿಕ್ಸಿ, ಪರದೆಯ ಸರಳು, ಎಲ್ಲವನ್ನೂ ಕೊಟ್ಟುಹೋಗಬಹುದಾದ ಈ ದೇಶದಲ್ಲಿ ದುಡ್ಡು ಕೊಟ್ಟು ಕೊಂಡ ಆಟವನ್ನು ಕೊಟ್ಟುಹೋಗುವಂತಿಲ್ಲ ಎಂದರೆ ನನಗೆ ತಲೆ ಕೆಟ್ಟಿತು. ದಾರಿಯುದ್ದಕ್ಕೂ ಕಂಪನಿಯವರನ್ನು ಬೈದೆ. ನಿಜ ಹೇಳಬೇಕೆಂದರೆ ನನ್ನ ಸಿಟ್ಟೆಲ್ಲ ಆಟದ ಮೇಲಿನದಾಗಿರಲಿಲ್ಲ. ಇವನು ಹೋಗುತ್ತಾನಲ್ಲ ಎಂಬ ಸಂಕಟಕ್ಕೆ ಬೈಯಲು ಬೇರೆ ಯಾರೂ ಸಿಕ್ಕಿರಲಿಲ್ಲ.

ಕೊನೆಗೆ ದಾರಿ ಹುಡುಕಿದ್ದು ಮಕ್ಕಳೇ. ಹೊರಡುವ ಮುನ್ನಾದಿನ ರಿಯಾ ಬಂದು ನಮ್ಮ ಮೆಷಿನಿನಲ್ಲಿ ತನ್ನ ಹೆಸರು ಹಾಕಿ ಏನೇನೋ ಒತ್ತಿದಳು. ಒಬ್ಬರ ಹೆಸರಿಗೆ ಒಂದು ಮೆಷಿನನ್ನು ‘ಮನೆ’ ಎಂದು ಗುರುತು ಮಾಡಬಹುದಂತೆ. ಆ ಮನೆಯಲ್ಲಿ ಅವರ ಆಟವನ್ನು ಯಾರು ಬೇಕಾದರೂ ಆಡಬಹುದಂತೆ. ಅವಳು ಮಂಗಳೂರಿನಲ್ಲಿ ತನ್ನ ಮೆಷಿನಿನಿಂದ ಬರುತ್ತಾಳೆ, ಧೃತಿ ಇಲ್ಲಿಂದ ಹೋಗುತ್ತಾಳೆ, ಇಬ್ಬರೂ ತಾವು ಕಟ್ಟಿದ ಊರಿನಲ್ಲಿ ಭೇಟಿಯಾಗುತ್ತಾರೆ. ನನಗೆ ಅರ್ಧ ಅರ್ಥವಾಯಿತು, ಪೂರ್ತಿ ಖುಷಿಯಾಯಿತು. ಲ್ಯಾನ್ಸಿಯ ಸಂಸಾರ ವಿಮಾನ ಹತ್ತಿತು. ರಿಯಾಳ ಹೆಸರು ಮಾತ್ರ ನಮ್ಮ ಮನೆಯ ಹಾಲ್‌ನಲ್ಲಿ ವೀಸಾ ಇಲ್ಲದೆ ವಾಸವಾಯಿತು.

ಏರ್‌ಪೋರ್ಟಿನಲ್ಲಿ ನಾವಿಬ್ಬರೂ ತಬ್ಬಿಕೊಂಡು “ಆಗಾಗ ಮಾತಾಡುವ” ಎಂದಿದ್ದೆವು. ಮೊಬೈಲಿನ ಇಂಟರ್‌ನೆಟ್ ಕರೆಗೆ ಈ ದೇಶದಲ್ಲಿ ಸರ್ಕಾರದ್ದೇ ತಡೆ. ಸಾದಾ ಫೋನು ಹಚ್ಚೋಣವೆಂದರೆ ಇವತ್ತು ನಾಳೆ ಎಂದು ಮುಂದೆ ಹೋಯಿತು. ಉಳಿದದ್ದು ಬೆಳಗ್ಗೆ ಮೊಬೈಲಿಗೆ ಬರುವ ‘ಗುಡ್ ಮಾರ್ನಿಂಗ್’ ಗುಲಾಬಿ ಹೂವಿನ ಚಿತ್ರ. ಆದರೆ ಮಕ್ಕಳು ಹೆಡ್‌ಸೆಟ್ ಹಾಕಿಕೊಂಡು ಆಟದೊಳಗೇ ಹರಟುತ್ತಿದ್ದರು, ಅದಕ್ಕೆ ತಡೆಯಿರಲಿಲ್ಲ. ಲ್ಯಾನ್ಸಿ ಸ್ಕೂಟರ್ ಕೊಂಡದ್ದು, ಬೆನ್ನುನೋವು ಬಂದದ್ದು ನನಗೆ ಗೊತ್ತಾದದ್ದು ಮಗಳ ಬಾಯಿಂದ.

ಒಂದು ಶುಕ್ರವಾರ ನಾಚಿಕೆ ಬಿಟ್ಟು, “ಒಮ್ಮೆ ನನಗೆ ಕೊಡು” ಎಂದೆ. ಧೃತಿ ಹೆಡ್‌ಸೆಟ್ ತೊಡಿಸಿದಳು. ಆಚೆ ರಿಯಾ ಲ್ಯಾನ್ಸಿಯನ್ನೂ ಕೂರಿಸಿದಳು. ಇಬ್ಬರೂ “ಹಲೋ ಹಲೋ” ಎಂದು ಕಟ್ಟಡ ಹಾರುವಂತೆ ಕೂಗಿದೆವು. ಗುಂಡಿ ಒತ್ತಿ ಒತ್ತಿ ಮಕ್ಕಳ ಊರಿನಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತಾ ಅಲೆದೆವು. ಅವನು ಒಂದು ಸಲ ಕೆರೆಗೆ ಬಿದ್ದ. ಅಂತೂ ಇಂತೂ ಹತ್ತಿರ ಬಂದು ನಿಂತೆವು, ಇಬ್ಬರೂ ಗೋಡೆಗೆ ಮುಖ ಮಾಡಿಕೊಂಡು. ತಿರುಗುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ.

“ಮತ್ತೆ?” ಎಂದ ಲ್ಯಾನ್ಸಿ.

“ಮತ್ತೆ, ನೀವೇ ಹೇಳ್ಬೇಕು.”

ಆಚೆ ಅವನು ತಿರುಗಲೆಂದು ಮತ್ತೆ ಗುಂಡಿ ಒತ್ತುವ ಸದ್ದು ಕೇಳಿಸಿತು. “ಪಪ್ಪಾ, ಆರ್ ಯು ಡನ್?” ಎಂದು ಧೃತಿ ಹೆಡ್‌ಸೆಟ್ಟಿಗೆ ಕೈ ಚಾಚಿದಳು.

ನಾನು ಕೊಡಲಿಲ್ಲ.