ಮೇಷ್ಟ್ರ ಮಗಳ ಕಳೆಯುವ ಲೆಕ್ಕ

ಡಾಕ್ಟರ ಮಕ್ಕಳಿಗೆ ಜ್ವರ ಬರಬಾರದು, ದರ್ಜಿಯ ಮಕ್ಕಳ ಅಂಗಿಯ ಗುಂಡಿ ಹೋಗಬಾರದು, ಮೇಷ್ಟ್ರ ಮಕ್ಕಳಿಗೆ ಲೆಕ್ಕ ತಪ್ಪಬಾರದು ಎಂದು ಜನ ಯಾಕೆ ನಂಬಿರುತ್ತಾರೋ ನನಗೆ ಗೊತ್ತಿಲ್ಲ. ನಾನಂತೂ ಮೇಷ್ಟ್ರ ಮಗಳಾಗಿ ಹುಟ್ಟಿ, ಮೂರನೇ ಕ್ಲಾಸಿನ ಕಳೆಯುವ ಲೆಕ್ಕದಲ್ಲಿ ಮುಗ್ಗರಿಸಿ ಬಿದ್ದು, ನಮ್ಮೂರಿನಲ್ಲಿ ಆ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟವಳು. ಇದು ಎಪ್ಪತ್ತರ ದಶಕದ ಮಾತು. ತಂಬ್ರಹಳ್ಳಿಯಿಂದಾಚೆ ಒಂದು ಸಣ್ಣ ಊರಿನಲ್ಲಿ ಅಪ್ಪ ಮೇಷ್ಟ್ರಾಗಿದ್ದರು. ಶಾಲೆಗೆ ಇದ್ದವರು ಇಬ್ಬರೇ, ಹೆಡ್‌ಮೇಷ್ಟ್ರು ಮತ್ತು ಅಪ್ಪ. ಶಾಲೆಯಲ್ಲಿ ತಪ್ಪು ಮಾಡಿ ಸಂಜೆ ಮನೆಗೆ ಓಡಿ ಪಾರಾಗುವ ಸುಖ ಬೇರೆ ಮಕ್ಕಳಿಗಿತ್ತು. ನನಗಿರಲಿಲ್ಲ. ಮೇಷ್ಟ್ರು ನನ್ನ ಜೊತೆಗೇ ಮನೆಗೆ ಬರುತ್ತಿದ್ದರು.

ನನ್ನ ತಪ್ಪಿಗೂ ಒಂದು ನ್ಯಾಯವಿತ್ತು ಅನ್ನಿ. ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು ಎಂದು ಎರಡನೇ ಕ್ಲಾಸಿನಲ್ಲಿ ಅಪ್ಪನೇ ನೂರು ಸಲ ಹೇಳಿಕೊಟ್ಟಿದ್ದರು. ಈಗ ನಲವತ್ತೆರಡರಲ್ಲಿ ಹದಿನೇಳು ಕಳೆ ಎಂದರೆ ಬಿಡಿ ಮನೆಯಲ್ಲಿ ಮೇಲೆ ಎರಡು, ಕೆಳಗೆ ಏಳು. ನಾನು ತಂದೆಯ ಮಾತು ಮೀರುವ ಮಗಳಲ್ಲ. ಏಳರಲ್ಲಿ ಎರಡು ಕಳೆದು ಐದು ಬರೆಯುತ್ತಿದ್ದೆ, ನಾಲ್ಕರಲ್ಲಿ ಒಂದು ಕಳೆದು ಮೂರು. ಉತ್ತರ ಮೂವತ್ತೈದು.

"ಹಂಗಲ್ಲವ್ವ ಸರೋಜಿ, ಮ್ಯಾಲಿನದರಾಗ ಕೆಳಗಿಂದು ಕಳೀಬೇಕು. ಸಾಲದಿದ್ರ ಪಕ್ಕದ ಹತ್ತರ ಮನಿಯಿಂದ ಒಂದು ತಗೋಬೇಕು" ಎನ್ನುತ್ತಿದ್ದರು ಅಪ್ಪ.

"ದೊಡ್ಡದರಾಗ ಸಣ್ಣದು ಅಂತ ನೀನೇ ಹೇಳಿದ್ದೆಲ್ಲಪ್ಪ!"

ಅಪ್ಪ ನನ್ನನ್ನು ಒಂದು ದಿನವೂ ಹೊಡೆದವರಲ್ಲ. ಕನ್ನಡಕ ತೆಗೆದು, ಪಂಚೆಯ ಚುಂಗಿನಿಂದ ನಿಧಾನವಾಗಿ ಒರೆಸಿ, ಒಂದು ಉಸಿರು ಬಿಡುತ್ತಿದ್ದರು. ಹೊಡೆದಿದ್ದರೆ ಅತ್ತು ಹಗುರಾಗಬಹುದಿತ್ತು. ಒರೆಸಿದ ಕನ್ನಡಕಕ್ಕೆ ಅಳುವುದು ಹೇಗೆ?

ಆ ಕನ್ನಡಕ ಒರೆಸುವುದನ್ನು ನನಗಿಂತ ಹೆಚ್ಚಾಗಿ ತಡೆಯಲಾರದೆ ಹೋದವಳು ಅವ್ವ. ಪಡಸಾಲೆಯಲ್ಲಿ ಅಪ್ಪ ಕೂತು ಲೆಕ್ಕ ಹೇಳುತ್ತಿದ್ದರು, ಅಡುಗೆಮನೆಯ ಹೊಸ್ತಿಲ ಬಳಿ ಪಾಟಿ ಹಿಡಿದು ನಾನು, ಬೆನ್ನ ಹಿಂದೆ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತ ಅವ್ವ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ಆಕೆ. ಒಂದು ಸಂಜೆ ರೊಟ್ಟಿಯ ಸಪ್ಪಳದ ನಡುವೆ, "ಇಪ್ಪತ್ತೈದು ಅನ್ನವ್ವ" ಎಂದು ಅವಳು ಪಿಸುಗುಟ್ಟಿದ್ದು ಕೇಳಿಸಿತು. ಅಂದೆ. ಅಪ್ಪ ಬೆಚ್ಚಿಬಿದ್ದು ಇನ್ನೊಂದು ಲೆಕ್ಕ ಕೊಟ್ಟರು. ಅದಕ್ಕೂ ಉತ್ತರ ಬಂತು. ಅಂದಿನಿಂದ ನಾನು ಪಾಟಿಯ ಮೇಲೆ ಬಳಪ ಆಡಿಸುವುದು, ಅವ್ವ ಉತ್ತರ ಹೇಳುವುದು. ಅಪ್ಪನ ಕನ್ನಡಕ ಮೂಗಿನ ಮೇಲೇ ಉಳಿಯಿತು. ನನಗೆ ರೊಟ್ಟಿಯ ಮೇಲೆ ಒಂದು ಉಂಡೆ ಬೆಣ್ಣೆ ಹೆಚ್ಚಾಯಿತು. ಅದರಲ್ಲಿ ಅರ್ಧ ಯಾರಿಗೆ ಸೇರಬೇಕಿತ್ತು ಎಂಬ ಯೋಚನೆ ನನಗೆ ಬರಲಿಲ್ಲ.

ಹೆಡ್‌ಮೇಷ್ಟ್ರಿಗೆ ಮಾತ್ರ ಅನುಮಾನವಿತ್ತು. ನನ್ನನ್ನು ಮೂರನೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಿಸುವ ಮಾತನ್ನು ಅವರು ಆಗಲೇ ಎತ್ತಿದ್ದರು. ಅಪ್ಪ ಎದೆಯುಬ್ಬಿಸಿ, "ನೀವೇ ಕೇಳಿ ನೋಡ್ರಿ ಸಾರ್" ಎಂದು ಅವರನ್ನು ನಮ್ಮ ಕ್ಲಾಸಿಗೆ ಕರೆದುಕೊಂಡೇ ಬಂದರು. ಬೋರ್ಡಿನ ಮೇಲೆ ಅರವತ್ತಮೂರು, ಅದರ ಕೆಳಗೆ ಇಪ್ಪತ್ತೆಂಟು. ಇಡೀ ಕ್ಲಾಸು ನನ್ನ ಬೆನ್ನು ನೋಡುತ್ತಿತ್ತು. ನಾನು ಕಿವಿಗೊಟ್ಟು ನಿಂತೆ. ಯಾವ ಸಪ್ಪಳವೂ ಬರಲಿಲ್ಲ. ಕೊನೆಗೆ ನಲವತ್ತೈದು ಎಂದು ಬರೆದು ತಿರುಗಿದೆ. ಅಪ್ಪನ ಕೈ ಕನ್ನಡಕಕ್ಕೆ ಹೋಗಿತ್ತು.

"ಅವ್ವ ಇಲ್ಲಿ ಇಲ್ಲಲ್ಲ, ನಾ ಹೆಂಗ ಮಾಡ್ಲಿ?" ಎಂದು ಹೋ ಎಂದು ಅತ್ತುಬಿಟ್ಟೆ.

"ಹಂಗಾದ್ರ ನಾಳಿ ಅವ್ವನ್ನೇ ಕಳಿಸವ್ವ, ನಾಕನೇ ಕ್ಲಾಸಿಗೆ ಹಾಕ್ಕೊಳ್ತೀವಿ" ಎಂದರು ಹೆಡ್‌ಮೇಷ್ಟ್ರು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅಪ್ಪ ನಗಲಿಲ್ಲ.

ಸಂಜೆ ಅವರು ಮುಂದೆ ಮುಂದೆ ಮನೆಯ ಕಡೆ ನಡೆದರು. ನಾನು ನಾಲ್ಕು ಹೆಜ್ಜೆ ಹಿಂದೆ ಮೂಗು ಸುರಿಸುತ್ತ ನಡೆದೆ. ನಮ್ಮ ಮುಖ ನೋಡಿಯೇ ಅವ್ವನಿಗೆ ಅರ್ಥವಾಗಿರಬೇಕು, ತಲೆ ಎತ್ತದೆ ಹಿಟ್ಟು ನಾದತೊಡಗಿದಳು. ಅಪ್ಪ ಎಂದೂ ಇಲ್ಲದಂತೆ ಅಡುಗೆಮನೆಯೊಳಗೆ ಹೋಗಿ ಅವಳ ಎದುರಿಗೆ ನೆಲದ ಮೇಲೆ ಕೂತರು.

"ಅರವತ್ತಮೂರರಾಗ ಇಪ್ಪತ್ತೆಂಟು ಹೋದ್ರ?"

ಹಿಟ್ಟಿನ ಕೈ ನಿಂತಿತು. "ಮೂವತ್ತೈದು" ಎಂದಳು, ಕಳ್ಳತನ ಒಪ್ಪಿಕೊಂಡವಳ ದನಿಯಲ್ಲಿ.

"ಹೆಂಗ?"

"ಇಪ್ಪತ್ತೆಂಟಕ್ಕ ಎರಡು ಹಾಕಿದ್ರ ಮೂವತ್ತು. ಅಲ್ಲಿಂದ ಅರವತ್ತಕ್ಕ ಮೂವತ್ತು. ಮ್ಯಾಲ ಮೂರು." ಆಮೇಲೆ ತಾನಾಗಿಯೇ ಹೇಳಿದಳು. ಮಾಗಳದಲ್ಲಿ ಅವಳ ತವರಿಗೆ ಎಲೆಬಳ್ಳಿ ತೋಟವಿತ್ತು. ಸಣ್ಣವಳಿದ್ದಾಗ ನೂರು ನೂರು ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುವುದು ಅವಳ ಕೆಲಸ. ಕೈಯಲ್ಲಿ ಅರವತ್ತೆಂಟು ಎಲೆಯಿದ್ದರೆ ಇನ್ನೆಷ್ಟು ಬೇಕು ಎಂದು ಬೆರಳಿಗೇ ಗೊತ್ತಾಗುತ್ತಿತ್ತಂತೆ.

"ಹತ್ತು ವರ್ಷ ಸಂಸಾರ ಮಾಡೀವಿ. ಒಂದಿನಾನೂ ನನಗ ಹೇಳಲಿಲ್ಲಲ್ಲ ನೀನು?" ಎಂದರು ಅಪ್ಪ.

"ನೀವು ಒಂದಿನಾನೂ ಕೇಳ್ಲಿಲ್ಲಲ್ರೀ."

ಅಪ್ಪ ನನ್ನ ಕೈಯಿಂದ ಪಾಟಿ ತೆಗೆದುಕೊಂಡು ಅವಳ ಮುಂದಿಟ್ಟು, "ಬರಿ ನೋಡಾಣ" ಎಂದರು. ಅವ್ವನಿಗೆ ಅಂಕಿ ನೋಡಿ ಗೊತ್ತಿತ್ತೇ ಹೊರತು ಬರೆದು ಗೊತ್ತಿರಲಿಲ್ಲ. ಹಿಟ್ಟಿನ ಬೆರಳಲ್ಲಿ ಬಳಪ ಹಿಡಿದು ಅವಳು ಬರೆದ ಐದು ಗೋಡೆ ಕಡೆ ಮುಖ ತಿರುಗಿಸಿ ನಿಂತಿತ್ತು. ಅವಳು ನಾಚಿ ಸೆರಗಿನಿಂದ ಒರೆಸಲು ಹೋದರೆ ಅಪ್ಪ ಕೈ ಹಿಡಿದು, "ಇರ್ಲಿ ಬಿಡು, ನಿನ್ನ ಮಗಳ ಐದಕ್ಕಿಂತ ಚಲೋ ಐತಿ" ಎಂದರು. ಅಂದು ಒಲೆಯ ಮೇಲಿದ್ದ ರೊಟ್ಟಿ ಸೀದು ಕರಿಯಾಯಿತು. ಇಬ್ಬರೂ ಗಮನಿಸಲಿಲ್ಲ. ಅದನ್ನು ನನಗೇ ಹಾಕಿದರು.

ಆಮೇಲೆ ಅಪ್ಪನಿಗೆ ಮನೆಯಲ್ಲಿ ಇಬ್ಬರು ವಿದ್ಯಾರ್ಥಿಗಳು. ಅವ್ವ ಹದಿನೈದು ದಿನದಲ್ಲಿ ಅಂಕಿಗಳನ್ನೆಲ್ಲ ನೇರ ನಿಲ್ಲಿಸಿದಳು. ಅವಳ ಎಲೆ ಎಣಿಸುವ ಲೆಕ್ಕವನ್ನು ಅಪ್ಪ ಶಾಲೆಯಲ್ಲೂ ಹೇಳಿಕೊಟ್ಟರು, ಕ್ಲಾಸಿನವರೆಲ್ಲ ಎರಡೇ ದಿನದಲ್ಲಿ ಕಲಿತರು. ನಾನು ಯುಗಾದಿಯವರೆಗೆ ತೆಗೆದುಕೊಂಡೆ, ಆದರೆ ಕಲಿತೆ. ಹೆಡ್‌ಮೇಷ್ಟ್ರು ನನ್ನನ್ನು ನಾಲ್ಕನೇ ಕ್ಲಾಸಿಗೆ ಹಾಕಿದರು.

ಹೋದ ತಿಂಗಳು ಅವ್ವನನ್ನು ಜೊತೆಗೆ ಕರೆದುಕೊಂಡು ನನ್ನ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿದ್ದೆ. ಚೀಟಿ ಬರೆಯುವ ಹುಡುಗಿ ನನ್ನ ವಯಸ್ಸು ಕೇಳಿದಳು. ಐವತ್ತು ಎಂದೆ. ಪಕ್ಕದಲ್ಲಿದ್ದ ಅವ್ವ ತಟ್ಟನೆ, "ಐವತ್ತೇಳು ಬರಕೊಳ್ಳವ್ವ. ಈಕಿಗೆ ಸಣ್ಣಾಕಿದ್ದಾಗಿಂದ ಕಳಿಯೋ ಲೆಕ್ಕ ಬರಂಗಿಲ್ಲ" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ತಲೆ ತಗ್ಗಿಸಿ ನಿಂತೆ. ಯಾರ ಸಹಾಯವೂ ಇಲ್ಲದೆ, ಒಂದಂಕಿಯೂ ತಪ್ಪದೆ, ಬಾಯಲ್ಲೇ ಏಳು ಕಳೆದಿದ್ದೆನಲ್ಲ ಎಂದು ಆಕೆಗೆ ಹೇಳುವುದಾದರೂ ಹೇಗೆ?