ಎಂಟನೇ ನಂಬರಿನ ಎಲ್ಇಡಿ

ನನ್ನ ಷಡ್ಡಕರು ಕತ್ತಲಲ್ಲಿ ನಮ್ಮ ಮನೆ ದಾಟಿ ಹೋಗಿ ಬೀದಿಯ ಕೊನೆ ಮುಟ್ಟಿದ್ದರು ಎಂಬ ಒಂದೇ ಕಾರಣಕ್ಕೆ ನಾನು ವಿಜ್ಞಾನಿಯಾದೆ. ಬಾಗಿಲ ಮೇಲೆ ಕೆಂಪಗೆ ಹೊಳೆಯುವ ‘8’ ಅನ್ನು ಎಲ್ಇಡಿಯಲ್ಲಿ ನಾನೇ ಮಾಡುತ್ತೇನೆಂದು ಘೋಷಿಸಿ, ಊಟದ ಮೇಜನ್ನು ಪ್ರಯೋಗಶಾಲೆ ಮಾಡಿಕೊಂಡೆ. ಅಂದಿನಿಂದ ಮನೆಮಂದಿಯೆಲ್ಲ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೆವು.

“ಇವತ್ತು ರಾತ್ರಿ ಅಕ್ಕ, ಭಾವ ಊಟಕ್ಕೆ ಬರ್ತಾರೆ,” ಎಂದಳು ನನ್ನವಳು. “ನಿಮ್ಮ ಎಂಟು ನೋಡ್ಕೊಂಡು ಅವರು ನೆಟ್ಟಗೆ ಮನೆಗೆ ಬಂದ್ರೆ ಅರ್ಧ ಮೇಜು ನಿಮ್ಮದು. ಇಲ್ಲಾಂದ್ರೆ ಈ ಕಸವೆಲ್ಲ ಅಟ್ಟಕ್ಕೆ!”

(ಕಸ! ಕೇಳಿದಿರಾ?)

ರೆಸಿಸ್ಟರ್ ಎಂದರೆ ಕರೆಂಟಿಗೆ ಹಾಕುವ ಮೂಗುದಾರ. ಅದಿಲ್ಲದಿದ್ದರೆ ಎಲ್ಇಡಿ ಒಮ್ಮೆ ಝಗ್ಗೆಂದು ಹೊಳೆದು ಶಾಶ್ವತವಾಗಿ ಕಣ್ಣು ಮುಚ್ಚುತ್ತದೆ. ಹನ್ನೆರಡು ವೋಲ್ಟಿನಲ್ಲಿ ಸಾಲಾಗಿ ಕೂತ ಮೂರು ಎಲ್ಇಡಿ ಆರು ನುಂಗಿದರೆ, ಮಿಕ್ಕ ಆರನ್ನು ರೆಸಿಸ್ಟರ್ ನುಂಗಬೇಕು. ಲೆಕ್ಕ ಹಾಕಿದೆ: ಮುನ್ನೂರ ತೊಂಬತ್ತು ಓಮ್. ಎಂಟಕ್ಕೆ ಏಳು ಗೆರೆ, ಗೆರೆಗೊಂದು ರೆಸಿಸ್ಟರ್. ಆದರೆ ಈ ಅಕ್ಕಿಕಾಳಿನಷ್ಟು ಪ್ರಾಣಿಯ ಮೈಮೇಲೆ ಬೆಲೆಯನ್ನು ಅಂಕಿಯಲ್ಲಿ ಬರೆಯದೆ ಬಣ್ಣದ ಪಟ್ಟಿಗಳಲ್ಲಿ ಬಳಿದಿರುತ್ತಾರೆ. ನನಗೆ ಬೇಕಿದ್ದದ್ದು ಕಿತ್ತಳೆ, ಬಿಳಿ, ಕಂದು.

“ರೀ, ಈ ಎರಡರಲ್ಲಿ ಕೊನೇ ಪಟ್ಟಿನೂ ಕಿತ್ತಳೆನೇ.”

“ಅದು ಕಂದು!”

“ಕನ್ನಡಕ ಹಾಕ್ಕೊಂಡು ನೋಡ್ರೀ.”

“ನನ್ನ ಕಣ್ಣಿಗೇನಾಗಿದೆ? ನೀನು ಒಗ್ಗರಣೆ ನೋಡ್ಕೋ.”

ಎರಡನ್ನೂ ಬೆಸುಗೆ ಹಾಕಿದೆ. ಪೆಟ್ಟಿಗೆಯನ್ನು ಬಾಗಿಲ ಮೇಲೆ ಮೊಳೆ ಹೊಡೆದು ಕೂರಿಸಿ, ಒಳಗಿನಿಂದ ಸ್ವಿಚ್ ಒತ್ತಿದೆ. ಗೋಡೆಯ ಮೇಲೆ ಕೆಂಪು ಛಾಯೆ ಬಿತ್ತು.

“ಒಮ್ಮೆ ಹೊರಗೆ ಹೋಗಿ ನೋಡಿ ಬನ್ನಿ.”

“ಲೆಕ್ಕ ಸರಿಯಿದ್ದ ಮೇಲೆ ನೋಡೋದೇನು?” ಎಂದು ಗತ್ತಿನಿಂದ ಹೇಳಿ ಅಂಗಿ ಬದಲಿಸಲು ಹೋದೆ.

ಕರೆಗಂಟೆ ಸದ್ದು ಮಾಡಿತು. ಷಡ್ಡಕರೆಂದು ಹಲ್ಲು ಕಿರಿಯುತ್ತ ಬಾಗಿಲು ತೆಗೆದರೆ, ಊದಿದ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದ ಅಪರಿಚಿತರೊಬ್ಬರು ನುಗ್ಗಿ ಬಂದು ಸೋಫಾದಲ್ಲಿ ಕೂತು ಬಾಯಿ ತೆರೆದರು. ನಾನೂ ಬಾಯಿ ತೆರೆದೆ, ಆಶ್ಚರ್ಯಕ್ಕೆ. ಆಗ ಅವರ ಕಣ್ಣು ಮೇಜಿನ ಮೇಲೆ ಬಿತ್ತು: ಇಕ್ಕಳ, ಕತ್ತರಿ, ಹೊಗೆಯಾಡುವ ಬೆಸುಗೆ ಕಡ್ಡಿ.

“ನೋವು ಹೋಯ್ತು ಡಾಕ್ಟ್ರೇ, ಪೂರ್ತಿ ಹೋಯ್ತು,” ಎಂದು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿದರು.

ಹಲ್ಲಿನ ಡಾಕ್ಟರ ಮನೆ ಎದುರುಸಾಲಿನ ಮೂರನೇ ನಂಬರು. ಇವರು ಇಲ್ಲಿಗೇಕೆ ಬಂದರೆಂದು ಯೋಚಿಸುವಷ್ಟರಲ್ಲಿ ಫೋನು ಬಂತು. ಷಡ್ಡಕರು! “ಏನಯ್ಯ, ಬೀದಿನ ಎರಡು ಸಲ ಅಳೆದಾಯ್ತು. ಇಲ್ಲಿ ಮೂರನೇ ನಂಬರೇ ಎರಡೆರಡು ಇವೆ, ಎಂಟು ಒಂದೂ ಇಲ್ವಲ್ಲ?”

ಹೊರಗೋಡಿ ತಲೆಯೆತ್ತಿದೆ. ಎಂಟರ ಎಡಭಾಗದ ಎರಡು ಗೆರೆಗಳು ಸತ್ತಂತೆ ಕಪ್ಪಗಿದ್ದವು. ನಾನು ಕಂದು ಎಂದು ಹಟ ಹಿಡಿದ ಎರಡು ರೆಸಿಸ್ಟರುಗಳೇ ಅಲ್ಲಿದ್ದವು. ಕೊನೇ ಪಟ್ಟಿ ಕಿತ್ತಳೆಯಾದ್ದರಿಂದ ಒಂದೊಂದೂ ಮೂವತ್ತೊಂಬತ್ತು ಸಾವಿರ ಓಮ್ ಆಗಿ ಕರೆಂಟಿನ ಕತ್ತು ಹಿಸುಕಿ ಕೂತಿದ್ದವು. ಉಳಿದ ಐದು ಗೆರೆ ಸೇರಿ ಸೊಗಸಾದ ‘3’!

ಒಳಗೆ ಬಂದಾಗ ಮೇಜು ಸ್ವಚ್ಛವಾಗಿತ್ತು, ಅಟ್ಟದಲ್ಲಿ ಗಡಗಡ ಸದ್ದು ಕೇಳುತ್ತಿತ್ತು. ಷಡ್ಡಕರು ಫೋನಿನಲ್ಲೇ ದಾರಿ ಕೇಳಿಕೊಂಡು ಬಂದವರೇ ನನ್ನ ಪೆಟ್ಟಿಗೆ ಇಳಿಸಿ, ಬಾಗಿಲ ಮೇಲೆ ಸೀಮೆಸುಣ್ಣದಿಂದ ದಪ್ಪಗೆ 8 ಬರೆದು, ಹೋಲ್ಡರ್ ಒಂದನ್ನು ಸಿಕ್ಕಿಸಿ ಮಾಮೂಲಿ ಬಲ್ಬು ಹಾಕಿದರು. ಬೀದಿಗೆ ಬೀದಿಯೇ ಬೆಳಗಿತು.

ಅಟ್ಟದಿಂದ ಇಳಿದ ನನ್ನವಳು ಎಲ್ಲರಿಗೂ ಮೇಜಿನ ಮೇಲೆ ಬಡಿಸಿದಳು. ನನ್ನ ತಟ್ಟೆಯನ್ನು ಮಾತ್ರ ತಂದು ತೊಡೆಯ ಮೇಲಿಟ್ಟು ಹೇಳಿದಳು: “ನಿಮಗೆ ಇಲ್ಲೇ ಅಭ್ಯಾಸ ಅಲ್ವಾ?”